ಐವತ್ತಾರನೆಯ ವಯಸ್ಸಿನಲ್ಲಿ ವಿಆರ್‌ಎಸ್: ಪೀಣ್ಯದ ಟೂಲ್‌ರೂಮ್ ನೌಕರರೊಬ್ಬರ ಪ್ರಕರಣ

2025ರ ಜನವರಿಯಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ, ಕ್ಯಾಂಟೀನ್ ಪಕ್ಕದ ಸೂಚನಾ ಫಲಕದ ಮೇಲೆ ಸ್ವಯಂ ನಿವೃತ್ತಿ ಯೋಜನೆಯ (ವಿಆರ್‌ಎಸ್) ಸುತ್ತೋಲೆಯನ್ನು ಅಂಟಿಸಲಾಯಿತು. ಯಂತ್ರಭಾಗಗಳ ತಯಾರಿಕೆಯ ಒಂದು ಲೈನನ್ನು ತುಮಕೂರು ಬಳಿಯ ವಸಂತನರಸಾಪುರದ ಹೊಸ ಘಟಕಕ್ಕೆ ಸ್ಥಳಾಂತರಿಸಲಾಗುತ್ತಿದೆ, ಹಾಗಾಗಿ ಪೀಣ್ಯದಲ್ಲಿ ಇಷ್ಟು ಜನ ಬೇಕಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. 50 ವರ್ಷ ದಾಟಿದ ಕಾಯಂ ನೌಕರರು ಅರ್ಜಿ ಹಾಕಬಹುದಿತ್ತು. ಅಲ್ಲಿನ ಟೂಲ್‌ರೂಮಿನಲ್ಲಿ, ಎಂದರೆ ಡೈ ಮತ್ತು ಫಿಕ್ಸ್ಚರಿನಂಥ ಉಪಕರಣ ತಯಾರಿಸುವ ವಿಭಾಗದಲ್ಲಿ, 1994ರ ಫೆಬ್ರವರಿಯಿಂದ ದುಡಿಯುತ್ತಿದ್ದ ಹಿರಿಯ ನೌಕರರೊಬ್ಬರು ಈ ಬರಹದ ವಿಷಯ. ಅವರ ಆದಾಯ ತೆರಿಗೆಯ ವಿವರಪಟ್ಟಿಯನ್ನು ಕೆಲವು ವರ್ಷಗಳಿಂದ ಸಲ್ಲಿಸುತ್ತಿರುವವನು ನಾನಾದ್ದರಿಂದ ಸುತ್ತೋಲೆಯ ನಕಲು ನನ್ನ ಮೇಜಿಗೂ ಬಂದಿತು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಮೊತ್ತಗಳನ್ನು ಪೂರ್ಣಸಂಖ್ಯೆಗೆ ಹೊಂದಿಸಿದ್ದೇನೆ; ಲೆಕ್ಕದ ತರ್ಕ ಮಾತ್ರ ಇದ್ದ ಹಾಗೆಯೇ ಇದೆ.

ಅವರಿಗೆ 2025ರ ಏಪ್ರಿಲ್‌ಗೆ 56 ತುಂಬುತ್ತಿತ್ತು. ಕಾರ್ಖಾನೆಯ ಸ್ಥಾಯೀ ಆದೇಶಗಳ ಪ್ರಕಾರ ನಿವೃತ್ತಿ ವಯಸ್ಸು 60. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ ₹42,000, ಉಳಿದ ಭತ್ಯೆಗಳೂ ಸೇರಿದರೆ ಒಟ್ಟು ಸಂಬಳ ₹64,000. ಹೆಂಡತಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಗಳು ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿದ್ದಳು. ಬಾಗಲಗುಂಟೆಯ ಸಣ್ಣ ಮನೆಯ ಮೇಲೆ ₹5.8 ಲಕ್ಷ ಸಾಲ ಉಳಿದಿದ್ದು ಅದಕ್ಕೆ ತಿಂಗಳಿಗೆ ₹12,400 ಕಂತು ಹೋಗುತ್ತಿತ್ತು. ಕಂತು ಬಿಟ್ಟು ಮನೆಯ ಖರ್ಚು ಸುಮಾರು ₹27,000. ಎಡ ಮಂಡಿ ಸವೆದಿತ್ತು. ಲೋಹ ಕತ್ತರಿಸುವ ವೈರ್‌ಕಟ್ ಯಂತ್ರದ ಮುಂದೆ ಎಂಟು ಗಂಟೆ ನಿಲ್ಲುವುದು ಅವರಿಗೆ ಹೇಗೋ ಸಾಧ್ಯವಿತ್ತು, ಆದರೆ ದಿನವೂ ತುಮಕೂರಿನ ಆಚೆಗೆ ಬಸ್ಸಿನಲ್ಲಿ ಕೂತು ಹೋಗಿ ಬರುವುದು ಸಾಧ್ಯವೇ ಎಂಬುದು ಅವರಿಗೇ ಅನುಮಾನವಾಗಿತ್ತು.

ಸುತ್ತೋಲೆ ಹೇಳಿದ್ದು ಇಷ್ಟು: ಪೂರೈಸಿದ ಪ್ರತಿ ವರ್ಷದ ಸೇವೆಗೆ 45 ದಿನಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಅಥವಾ ನಿವೃತ್ತಿಗೆ ಉಳಿದಿರುವ ತಿಂಗಳುಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಎಕ್ಸ್‌ಗ್ರೇಷಿಯಾ, ಎಂದರೆ ನೌಕರಿ ಬಿಡುವುದಕ್ಕೆ ಕಂಪನಿ ಕೊಡುವ ಪರಿಹಾರದ ಹಣ. ಮೊದಲ ಹದಿನೈದು ದಿನಗಳಲ್ಲಿ ಅರ್ಜಿ ಕೊಟ್ಟವರಿಗೆ ₹50,000 ಹೆಚ್ಚುವರಿ. ಇದರ ಜೊತೆಗೆ ಮಾನವ ಸಂಪನ್ಮೂಲ ವಿಭಾಗದವರು ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲಿ ಒಂದು ಪುಟದ ಲೆಕ್ಕದ ಹಾಳೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟರು. ಇವರ ಹಾಳೆಯ ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರಗಳಲ್ಲಿದ್ದ ಮೊತ್ತ ₹51,22,154. ಮನೆಯವರೆಲ್ಲ ಆ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರಂತೆ. ಅರ್ಧ ಕೋಟಿಯ ಮಾತು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಬಂಧುವೊಬ್ಬರು ನೆಲಮಂಗಲದ ಆಚೆ ಒಂದು ಕಂದಾಯ ಸೈಟು ನೋಡಿಟ್ಟಿದ್ದರು.

ಹಾಳೆಯ ಕೊನೆಯ ಸಾಲು

ಈ ಪ್ರಕರಣದಲ್ಲಿ ಮೊದಲು ಆಗಬೇಕಾಗಿದ್ದ ಕೆಲಸವೆಂದರೆ ಆ ದಪ್ಪ ಅಕ್ಷರದ ಮೊತ್ತವನ್ನು ಒಡೆದು ನೋಡುವುದು. ಅದರಲ್ಲಿ ಗ್ರಾಚ್ಯುಟಿ ₹7,51,154 ಇತ್ತು. 42,000ವನ್ನು 26ರಿಂದ ಭಾಗಿಸಿ, 15 ದಿನಕ್ಕೆ ಗುಣಿಸಿ, 31 ವರ್ಷಕ್ಕೆ ಲೆಕ್ಕ ಹಾಕಿದರೆ ಬರುವ ಮೊತ್ತವದು. ಆಗಿನ ಗ್ರಾಚ್ಯುಟಿ ಕಾಯ್ದೆಯಡಿ ನೌಕರಿ ಯಾವಾಗ ಬಿಟ್ಟರೂ ಅದು ಅವರಿಗೆ ಬರಲೇಬೇಕಿತ್ತು. ಬಾಕಿ ಉಳಿದ 120 ದಿನಗಳ ರಜೆಯ ನಗದೀಕರಣ ₹1,68,000. ಅದೂ ಅವರದ್ದೇ. ಭವಿಷ್ಯನಿಧಿಯ ಖಾತೆಯಲ್ಲಿದ್ದ ₹22 ಲಕ್ಷವಂತೂ ಕಂಪನಿ ಕೊಡುವ ಹಣವೇ ಅಲ್ಲ, ಮೂರು ದಶಕ ಸಂಬಳದಿಂದ ಕಡಿತವಾದದ್ದು ಮತ್ತು ಅದಕ್ಕೆ ಸೇರಿದ ಪಾಲು. ಇವು ಮೂರನ್ನು ಕಳೆದರೆ ಉಳಿಯುವುದು ₹20,03,000. ಕಂಪನಿ ಅವರ ಕೊನೆಯ ನಾಲ್ಕು ವರ್ಷಗಳ ನೌಕರಿಗೆ ಕಟ್ಟಿದ ಬೆಲೆ ಇಷ್ಟೇ. ಉಳಿದ ₹31 ಲಕ್ಷ ಅರ್ಜಿ ಹಾಕದಿದ್ದರೂ ಅವರದ್ದಾಗಿಯೇ ಇರುತ್ತಿತ್ತು, ಅಷ್ಟೇ ಅಲ್ಲ, ಬೆಳೆಯುತ್ತಿತ್ತು. ಹಾಳೆಯಲ್ಲಿ ಸುಳ್ಳು ಏನೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಬರಬೇಕಾದದ್ದನ್ನೂ ಹೊಸದಾಗಿ ಕೊಡುತ್ತಿರುವುದನ್ನೂ ಒಂದೇ ಗೆರೆಯ ಕೆಳಗೆ ಕೂಡಿಸಿದ್ದು ಮಾತ್ರ ಅದರ ಜಾಣತನ.

₹20.03 ಲಕ್ಷ ಬಂದ ಬಗೆಯನ್ನೂ ನೋಡೋಣ. 31 ವರ್ಷಕ್ಕೆ 45 ದಿನದಂತೆ 1,395 ದಿನ, ಎಂದರೆ 46.5 ತಿಂಗಳು, ₹42,000ದಂತೆ ₹19,53,000. ಉಳಿದ ಸೇವೆ 2029ರ ಏಪ್ರಿಲ್ ಕೊನೆಯವರೆಗೆ 48 ತಿಂಗಳಾದ್ದರಿಂದ ಎರಡನೆಯ ಸೂತ್ರದಲ್ಲಿ ₹20,16,000 ಆಗುತ್ತದೆ. ಕಡಿಮೆಯದನ್ನು ಹಿಡಿದು ಅದಕ್ಕೆ ಮೊದಲ ಹದಿನೈದು ದಿನದ ₹50,000 ಸೇರಿಸಲಾಗಿತ್ತು. 'ಯಾವುದು ಕಡಿಮೆಯೋ ಅದು' ಎಂಬ ಈ ಮಾತು ನಿವೃತ್ತಿ ಹತ್ತಿರವಾದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಅದೇ ಕಾರ್ಖಾನೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಸಂಬಳದ, ನಿವೃತ್ತಿಗೆ 14 ತಿಂಗಳಷ್ಟೇ ಉಳಿದಿದ್ದ ಇನ್ನೊಬ್ಬರಿಗೆ ಸಿಗುತ್ತಿದ್ದ ಎಕ್ಸ್‌ಗ್ರೇಷಿಯಾ ₹5.88 ಲಕ್ಷ. ಸುಮ್ಮನೆ ಕೆಲಸಕ್ಕೆ ಹೋಗಿ ಬಂದರೆ ಆ 14 ತಿಂಗಳಲ್ಲಿ ಸಂಬಳ ಮತ್ತು ಕಂಪನಿಯ ಭವಿಷ್ಯನಿಧಿ ಪಾಲು ಸೇರಿ ಅವರಿಗೆ ₹9.6 ಲಕ್ಷಕ್ಕೂ ಹೆಚ್ಚು ಬರುತ್ತಿತ್ತು. ವರ್ಗಾವಣೆಯ ಭಯಕ್ಕೆ ಅವರು ಸಹಿ ಹಾಕುವ ಅಂಚಿಗೆ ಬಂದಿದ್ದರು. ಇಂಥ ಸೂತ್ರವಿರುವ ಯೋಜನೆಯಲ್ಲಿ ನಿವೃತ್ತಿಗೆ ಒಂದೂವರೆ ವರ್ಷದೊಳಗೆ ಇರುವವರು, ಆರೋಗ್ಯ ತೀರಾ ಕೈಕೊಟ್ಟ ಹೊರತು, ಅರ್ಜಿಯನ್ನು ಮುಟ್ಟದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಪದೇಪದೇ ಎದ್ದ ಇನ್ನೊಂದು ಮಾತು ಬಿಎಸ್‌ಎನ್‌ಎಲ್‌ನದು. ಅವರ ಭಾವನವರು 2020ರಲ್ಲಿ ಅಲ್ಲಿಂದ ವಿಆರ್‌ಎಸ್ ತೆಗೆದುಕೊಂಡು ಈಗ ನೆಮ್ಮದಿಯಾಗಿದ್ದಾರೆ, ಆದ್ದರಿಂದ ಯೋಚಿಸುವುದೇನಿದೆ ಎಂಬ ವಾದ. ಆ ಯೋಜನೆ 2019ರ ನವೆಂಬರ್ 4ರಂದು ತೆರೆದು ಡಿಸೆಂಬರ್ 3ಕ್ಕೆ ಮುಚ್ಚಿತು. 78,000ಕ್ಕೂ ಹೆಚ್ಚು ನೌಕರರು ಒಪ್ಪಿ 2020ರ ಜನವರಿ 31ರಂದು ಹೊರಬಂದರು. ಅಲ್ಲಿ ಪೂರೈಸಿದ ವರ್ಷಕ್ಕೆ 35 ದಿನ, ಉಳಿದ ವರ್ಷಕ್ಕೆ 25 ದಿನದ ಸಂಬಳವೆಂಬ ಲೆಕ್ಕವಿತ್ತು. ಆದರೆ ಭಾವನವರ ನೆಮ್ಮದಿಗೆ ಕಾರಣ ಆ ದಿನಗಳ ಲೆಕ್ಕವಲ್ಲ. ದೂರಸಂಪರ್ಕ ಇಲಾಖೆಯಿಂದ ಬಂದು ಬಿಎಸ್‌ಎನ್‌ಎಲ್‌ನಲ್ಲಿ ವಿಲೀನಗೊಂಡವರಿಗೆ ಸರ್ಕಾರದ ಪಿಂಚಣಿ ಇತ್ತು, ತುಟ್ಟಿಭತ್ಯೆಯ ಜೊತೆಗೆ ಏರುವ ಪಿಂಚಣಿ. ನೌಕರಿ ಬಿಟ್ಟ ಮರುತಿಂಗಳಿನಿಂದಲೇ ಅದು ಶುರುವಾಯಿತು.

ಪೀಣ್ಯದ ನಮ್ಮ ನೌಕರರಿಗಿದ್ದದ್ದು 1995ರ ನೌಕರರ ಪಿಂಚಣಿ ಯೋಜನೆ. ಅದರ ಸೂತ್ರವೆಂದರೆ ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಆ ಸಂಬಳಕ್ಕೆ 2014ರ ಸೆಪ್ಟೆಂಬರ್‌ವರೆಗೆ ₹6,500, ಅನಂತರ ₹15,000 ಮಿತಿ. ಪೂರ್ತಿ ಸಂಬಳದ ಮೇಲೆ ಹೆಚ್ಚಿನ ಪಿಂಚಣಿ ಪಡೆಯಲು 2022ರ ನವೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಿಕ್ಕಿದ್ದ ಅವಕಾಶವನ್ನು ಅವರು ಬಳಸಿಕೊಂಡಿರಲಿಲ್ಲ. ಹೀಗಾಗಿ 58ನೆಯ ವಯಸ್ಸಿನಲ್ಲಿ ಅವರಿಗೆ ಬರುವುದು ನಾಲ್ಕು ಸಾವಿರದಿಂದ ನಾಲ್ಕೂವರೆ ಸಾವಿರದ ಆಸುಪಾಸು. ಅದಕ್ಕೂ ಮೊದಲೇ ಬೇಕೆಂದರೆ ವರ್ಷಕ್ಕೆ ಶೇ 4ರಷ್ಟು ಕಡಿತ. ಇದರಲ್ಲಿ ಒಂದು ಸಮಾಧಾನದ ಸಂಗತಿಯೂ ಇತ್ತು: 56ಕ್ಕೇ ಬಿಟ್ಟರೆ ಪಿಂಚಣಿಯಲ್ಲಿ ಆಗುವ ನಷ್ಟ, ಎರಡು ವರ್ಷದ ಸೇವೆಗೆ ತಿಂಗಳಿಗೆ ₹428 ಮಾತ್ರ. ಪಿಂಚಣಿಯೇ ಇಷ್ಟು ಸಣ್ಣದಾಗಿರುವಾಗ ಅದರ ನಷ್ಟವೂ ಸಣ್ಣದೇ. ಭಾವನವರ ಉದಾಹರಣೆಯನ್ನು ಮಾತ್ರ ಅಲ್ಲಿಗೇ ಬದಿಗಿಡಬೇಕಾಯಿತು.

ಒಂದು ತಿಂಗಳ ಅಂತರ

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಣ ಉಳಿಸಿದ್ದು ಒಂದು ದಿನಾಂಕ. ಸುತ್ತೋಲೆಯಲ್ಲಿ, ಅರ್ಜಿ ಒಪ್ಪಿಕೊಂಡವರನ್ನು ಮಾರ್ಚ್ 31ರಿಂದ ಮೇ 31ರೊಳಗೆ ಆಡಳಿತದ ಅನುಕೂಲದಂತೆ ಬಿಡುಗಡೆ ಮಾಡಲಾಗುವುದು ಎಂದಿತ್ತು. ಹೆಚ್ಚಿನವರ ಹಾಳೆಯಲ್ಲಿ ನಮೂದಾಗಿದ್ದು ಮಾರ್ಚ್ 31.

ಸ್ವಯಂ ನಿವೃತ್ತಿಯ ಪರಿಹಾರದಲ್ಲಿ ₹5 ಲಕ್ಷದವರೆಗೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 10(10ಸಿ) ಕಲಮಿನಡಿ ವಿನಾಯಿತಿ ಇತ್ತು, ಜೀವಮಾನದಲ್ಲಿ ಒಮ್ಮೆ ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲೂ ಅದು ಸಿಗುತ್ತಿತ್ತು. ಅದನ್ನು ಪಡೆದ ಮೇಲೆ ಅದೇ ಪರಿಹಾರಕ್ಕೆ 89ನೆಯ ಕಲಮಿನ ತೆರಿಗೆ ಇಳಿಕೆ ಕೇಳುವಂತಿರಲಿಲ್ಲ. ಉಳಿದ ₹15.03 ಲಕ್ಷ ಸಂಬಳದ ಆದಾಯವಾಗಿ ಆ ವರ್ಷವೇ ತೆರಿಗೆಗೆ ಒಳಪಡುತ್ತದೆ. ಮಾರ್ಚ್ 31ಕ್ಕೆ ಬಿಡುಗಡೆಯಾದರೆ ಅದು 2024-25ರ ಆದಾಯ. ಆ ವರ್ಷದ ಹನ್ನೆರಡು ತಿಂಗಳ ಸಂಬಳ ₹7.68 ಲಕ್ಷದ ಮೇಲೆ ಇದು ಕೂತು, ₹75,000ದ ಪ್ರಮಾಣಿತ ಕಡಿತದ ನಂತರ ತೆರಿಗೆಯ ಆದಾಯ ₹21.96 ಲಕ್ಷವಾಗುತ್ತದೆ. ಆ ವರ್ಷದ ದರಗಳಲ್ಲಿ ₹15 ಲಕ್ಷದಿಂದಾಚೆಗೆಲ್ಲ ಶೇ 30. ಸೆಸ್ ಸೇರಿ ಒಟ್ಟು ತೆರಿಗೆ ₹3,62,752. ಅಲ್ಲಿಯವರೆಗೆ ರಿಯಾಯಿತಿಯಿಂದಾಗಿ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಬೇಕಿರದಿದ್ದ ಮನುಷ್ಯನಿಗೆ ಇದು ಸಣ್ಣ ಮೊತ್ತವಲ್ಲ.

ಬಿಡುಗಡೆ ಏಪ್ರಿಲ್ 30ಕ್ಕೆ ಆದರೆ ಎಕ್ಸ್‌ಗ್ರೇಷಿಯಾ 2025-26ಕ್ಕೆ ಹೋಗುತ್ತದೆ. ಆ ವರ್ಷ ಅದರ ಜೊತೆಗಿರುವುದು ಒಂದೇ ತಿಂಗಳ ಸಂಬಳ. ಫೆಬ್ರವರಿ 1ರ ಬಜೆಟ್ಟಿನಲ್ಲಿ ಪ್ರಕಟವಾದ ಹೊಸ ದರಗಳು ಅನ್ವಯವಾಗುವುದೂ ಆ ವರ್ಷಕ್ಕೇ: ₹4 ಲಕ್ಷದವರೆಗೆ ಇಲ್ಲ, 8ರವರೆಗೆ ಶೇ 5, 12ರವರೆಗೆ ಶೇ 10, 16ರವರೆಗೆ ಶೇ 15. ತೆರಿಗೆಯ ಆದಾಯ ₹14.92 ಲಕ್ಷ, ಸೆಸ್ ಸೇರಿ ತೆರಿಗೆ ₹1,07,952. ಆ ವರ್ಷ ಬರುವ ಬಡ್ಡಿ ಮತ್ತಿತರ ಆದಾಯ ಬೇರೆ. ಎರಡರ ನಡುವಿನ ವ್ಯತ್ಯಾಸ ₹2,54,800. ಅವಸರ ಮಾಡಿದವರಿಗೆ ಕೊಡುತ್ತಿದ್ದ ₹50,000ದ ಐದು ಪಟ್ಟು. ಗ್ರಾಚ್ಯುಟಿಗೆ ₹20 ಲಕ್ಷದವರೆಗೆ, ರಜೆ ನಗದೀಕರಣಕ್ಕೆ ₹25 ಲಕ್ಷದವರೆಗೆ ವಿನಾಯಿತಿ ಇರುವುದರಿಂದ ಆ ಎರಡು ಬಾಬ್ತು ಯಾವ ದಿನಾಂಕಕ್ಕೂ ತಲೆನೋವು ತರಲಿಲ್ಲ.

ಟೂಲ್‌ರೂಮಿನ ಫಿಕ್ಸ್ಚರುಗಳ ನಕ್ಷೆಗಳನ್ನು ಕಿರಿಯರಿಗೆ ಒಪ್ಪಿಸಲು ಸಮಯ ಬೇಕೆಂಬ ಕಾರಣ ಕೊಟ್ಟು ಅವರು ಏಪ್ರಿಲ್ 30ರ ಬಿಡುಗಡೆ ಕೇಳಿದರು. ಕಾರಣ ನಿಜವೂ ಆಗಿತ್ತು. ಆಡಳಿತ ತಕರಾರಿಲ್ಲದೆ ಒಪ್ಪಿತು. ಪರಿಹಾರ ಸಲ್ಲಬೇಕಾದ ದಿನ ಬಿಡುಗಡೆಯ ದಿನವೇ ಎಂಬುದು ಅಂಗೀಕಾರ ಪತ್ರದಲ್ಲಿ ಸ್ಪಷ್ಟವಾಗಿ ಬರುವಂತೆ ನೋಡಿಕೊಂಡೆವು, ಏಕೆಂದರೆ ಸಂಬಳದ ತೆರಿಗೆಯಲ್ಲಿ ಹಣ ಕೈಸೇರಿದ ದಿನ ಮತ್ತು ಸಲ್ಲಬೇಕಾದ ದಿನಗಳಲ್ಲಿ ಯಾವುದು ಮೊದಲೋ ಅದೇ ಲೆಕ್ಕಕ್ಕೆ ಬರುತ್ತದೆ.

ಇದ್ದರೆ ಎಷ್ಟು, ಬಿಟ್ಟರೆ ಎಷ್ಟು

ತೆರಿಗೆ ಕಳೆದು ಎಕ್ಸ್‌ಗ್ರೇಷಿಯಾ ₹18.95 ಲಕ್ಷ. ಇದಕ್ಕೆ ಎದುರಾಗಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕಾದದ್ದು ಉಳಿದ 48 ತಿಂಗಳ ಸಂಬಳ, ಕಂಪನಿಯ ಭವಿಷ್ಯನಿಧಿ ಪಾಲು ತಿಂಗಳಿಗೆ ₹5,040, ಮತ್ತು ನಾಲ್ಕು ವರ್ಷದ ಹೆಚ್ಚುವರಿ ಗ್ರಾಚ್ಯುಟಿ ಸುಮಾರು ₹97,000. ಸಂಬಳ ಏರುವುದೇ ಇಲ್ಲವೆಂದು ಹಿಡಿದರೂ ಒಟ್ಟು ₹34.1 ಲಕ್ಷ. ರಿಯಾಯಿತಿಯಿಂದಾಗಿ ಅಷ್ಟು ಸಂಬಳಕ್ಕೆ ತೆರಿಗೆ ಇಲ್ಲ. ಅಂತರ ₹15 ಲಕ್ಷ ಚಿಲ್ಲರೆ. ಕೈಗೆ ಮೊದಲೇ ಬಂದ ಹಣಕ್ಕೆ ಶೇ 8.2ರ ಬಡ್ಡಿ ನಾಲ್ಕು ವರ್ಷಕ್ಕೆ ₹6.2 ಲಕ್ಷವಾಗುತ್ತದೆ, ಕಂಪನಿಯ ಗುಂಪು ಆರೋಗ್ಯ ವಿಮೆ ಹೋಗುವುದರಿಂದ ಗಂಡ ಹೆಂಡಿರಿಬ್ಬರ ವಿಮೆಗೆ ವರ್ಷಕ್ಕೆ ₹42,000ದಂತೆ ₹1.68 ಲಕ್ಷ ಖರ್ಚು ಬರುತ್ತದೆ. ಇವೆರಡನ್ನೂ ಹೊಂದಿಸಿದರೆ ನಿವ್ವಳ ಕೊರತೆ ₹10.6 ಲಕ್ಷ, ತಿಂಗಳಿಗೆ ಸುಮಾರು ₹22,000.

ಲೆಕ್ಕ ಇಲ್ಲಿಗೆ ಬಂದ ಮೇಲೆ ಪ್ರಶ್ನೆಯ ರೂಪವೇ ಬದಲಾಯಿತು. ವಿಆರ್‌ಎಸ್ ಲಾಭವೋ ನಷ್ಟವೋ ಎಂಬುದು ಹೋಗಿ, ಹೊರಗೆ ಹೋದ ಮೇಲೆ ನಾಲ್ಕು ವರ್ಷ ತಿಂಗಳಿಗೆ ₹22,000 ದುಡಿಯಬಲ್ಲಿರಾ ಎಂಬುದು ಉಳಿಯಿತು. ಗುಮಾಸ್ತರಿಗೋ ಸ್ಟೋರಿನವರಿಗೋ 56ರಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ಟೂಲ್‌ರೂಮಿನವರಿಗೆ ಪೀಣ್ಯದಲ್ಲಿ ಕೆಲಸಕ್ಕೆ ಬರವಿಲ್ಲ. ಅಲ್ಲಿನ ಅಡ್ಡರಸ್ತೆಗಳಲ್ಲಿ ಎಂಟು ಹತ್ತು ಜನರಿಟ್ಟುಕೊಂಡು ಡೈ ಮತ್ತು ಫಿಕ್ಸ್ಚರ್ ಮಾಡುವ ಸಣ್ಣ ಘಟಕಗಳು ಎಷ್ಟೋ ಇವೆ. ಅವುಗಳಿಗೆ ಬೇಕಾದದ್ದು ಡಯಲ್ ಗೇಜಿನ ಮುಳ್ಳು ನೋಡಿಯೇ ತಪ್ಪು ಎಲ್ಲಿದೆಯೆಂದು ಹೇಳುವ ಕಣ್ಣು. ಅಂಥ ಒಂದು ಘಟಕದ ಮಾಲೀಕರು ಇವರನ್ನು ಮೊದಲೇ ಬಲ್ಲವರು. ತಿಂಗಳಿಗೆ ₹26,000, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ಕೂತು ಮಾಡುವ ಕೆಲಸವೂ ಸಾಕಷ್ಟು ಎಂದು ಹೇಳಿದ್ದರು. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಘಟಕವಾದ್ದರಿಂದ ಭವಿಷ್ಯನಿಧಿ ಇಲ್ಲ. ಮಾತಿಗೆ ಕಾಗದವೂ ಇರಲಿಲ್ಲ.

₹22,000 ಬೇಕಾದಲ್ಲಿ ₹26,000 ಸಿಕ್ಕರೆ ಸರಿಹೋಯಿತಲ್ಲ ಎನ್ನುವಷ್ಟರಲ್ಲಿ ಇನ್ನೊಂದು ವಿಷಯ ಮೇಲೆ ಬಂತು. ಕಾರ್ಖಾನೆಯ ವೇತನ ಒಪ್ಪಂದದ ಅವಧಿ ಮುಗಿದು ವರ್ಷದ ಮೇಲಾಗಿತ್ತು. ಹೊಸ ಒಪ್ಪಂದದಲ್ಲಿ ತಿಂಗಳಿಗೆ ಸುಮಾರು ₹3,500 ಏರಬಹುದೆಂದು ಯೂನಿಯನ್ನಿನವರ ನಿರೀಕ್ಷೆ. ಅದನ್ನು ಸೇರಿಸಿದರೆ ಕೊರತೆ ₹25,500 ದಾಟುತ್ತದೆ, ಎಂದರೆ ಎರಡೂ ತಟ್ಟೆ ಸಮವೇ. ಹಣದ ಲೆಕ್ಕ ಮಾತ್ರ ನೋಡಿದರೆ ಈ ಪ್ರಕರಣಕ್ಕೆ ತೀರ್ಮಾನವಿಲ್ಲ ಎಂದು ಆ ದಿನ ನಾನು ಅವರಿಗೆ ಹೇಳಿದೆ. ಅದು ಅವರಿಗೆ ಹಿಡಿಸಲಿಲ್ಲ. ಲೆಕ್ಕದವನ ಬಳಿಗೆ ಬಂದದ್ದೇ ಲೆಕ್ಕ ತೀರ್ಮಾನ ಹೇಳಲಿ ಎಂದು.

ಹೀಗಾಗಿ ಗಮನ ಕೊಡಬೇಕಾಗಿದ್ದು ಉಳಿದರೆ ಏನಾಗುತ್ತದೆ ಎಂಬುದಕ್ಕೆ. ಇದ್ದ ಕೆಲಸ ಇದ್ದ ಹಾಗೆಯೇ ಇರುತ್ತದೆ ಎಂದು ಹಿಡಿಯುವುದು ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವ ಊಹೆ. ಅವರ ನೇಮಕಾತಿ ಪತ್ರದಲ್ಲಿ ಕಂಪನಿಯ ಯಾವುದೇ ಘಟಕಕ್ಕೆ ವರ್ಗಾಯಿಸಬಹುದೆಂಬ ಷರತ್ತು ಇತ್ತು. ವಸಂತನರಸಾಪುರಕ್ಕೆ ಮೊದಲ ವರ್ಷ ಕಂಪನಿಯ ಬಸ್ಸು, ಅನಂತರದ್ದು ಗೊತ್ತಿಲ್ಲ. ಹೋಗಿ ಬರಲು ದಿನಕ್ಕೆ ಮೂರೂವರೆ ಗಂಟೆ. ಪೀಣ್ಯದ ಘಟಕವನ್ನೇ ಮುಚ್ಚಿದರೆ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ಆಗ ಸಿಗುತ್ತಿದ್ದ ಪರಿಹಾರ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ; ಅವರ ಮಟ್ಟಿಗೆ ಸುಮಾರು ₹10 ಲಕ್ಷ, ವಿಆರ್‌ಎಸ್‌ನ ಅರ್ಧ. ಯೂನಿಯನ್ನಿನ ಹಿರಿಯರೊಬ್ಬರು ಇದಕ್ಕೆ ವಿರುದ್ಧವಾದ ವಾದವನ್ನು ಮುಂದಿಟ್ಟರು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ, ಹಳೆಯ ವೇತನ ಶ್ರೇಣಿಗಳಲ್ಲೇ ಉಳಿದಿದ್ದ ನೌಕರರಿಗೆ 2007ರ ಕಾಲ್ಪನಿಕ ಶ್ರೇಣಿಯಲ್ಲಿ ಪರಿಹಾರ ಲೆಕ್ಕ ಹಾಕಲಾಯಿತು. ಕೊನೆಯವರೆಗೆ ಕಾದವರಿಗೆ ಒಳ್ಳೆಯ ಬೆಲೆ ಸಿಕ್ಕಿತು, ನೀವೂ ಕಾಯಿರಿ ಎಂದು. ಆದರೆ ಅಲ್ಲಿ ಹಣ ಕೊಟ್ಟದ್ದು ಸರ್ಕಾರದ ಬೊಕ್ಕಸ. ಖಾಸಗಿ ಮಾಲೀಕರ ಎರಡನೆಯ ಯೋಜನೆ ಮೊದಲನೆಯದಕ್ಕಿಂತ ಉದಾರವಾಗಿರುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ಅವರು ತಾವೇ ಒಂದು ಕೆಲಸ ಮಾಡಿದರು, ನನಗೆ ಮೆಚ್ಚುಗೆಯಾದದ್ದು. ಸ್ಥಳಾಂತರವಾಗುವ ಯಂತ್ರಗಳ ಪಟ್ಟಿಯನ್ನು ನಿರ್ವಹಣಾ ವಿಭಾಗದಲ್ಲಿ ನೋಡಿ ಬಂದರು. ಟೂಲ್‌ರೂಮಿನ ಎರಡು ವೈರ್‌ಕಟ್ ಯಂತ್ರಗಳಲ್ಲಿ ಹೊಸದು ಪಟ್ಟಿಯಲ್ಲಿತ್ತು, ಹಳೆಯದು ಇರಲಿಲ್ಲ. ಜಿಗ್ ಬೋರಿಂಗ್ ಯಂತ್ರದ ಮುಂದೆ 'ಮಾರಾಟ' ಎಂದು ಬರೆದಿತ್ತು. ಕ್ಯಾಂಟೀನಿನಲ್ಲಿ ಓಡಾಡುತ್ತಿದ್ದ ಊಹಾಪೋಹಗಳಿಗಿಂತ ಈ ಮೂರು ಸಾಲು ಹೆಚ್ಚು ಹೇಳಿದವು: ಪೀಣ್ಯದಲ್ಲಿ ಟೂಲ್‌ರೂಮ್ ಎಂಬುದು ಹೆಚ್ಚು ದಿನ ಇರುವುದಿಲ್ಲ, ವರ್ಗಾವಣೆಯ ಆದೇಶ ಬರುವುದು ಖಚಿತ.

ಅರ್ಜಿ ನಮೂನೆಯ ಎರಡು ಷರತ್ತುಗಳು ಇನ್ನೂ ಬಾಕಿ ಇದ್ದವು. ಒಮ್ಮೆ ಸಲ್ಲಿಸಿದ ಅರ್ಜಿಯನ್ನು ಹಿಂಪಡೆಯುವಂತಿಲ್ಲ ಎಂಬುದು ಮೊದಲನೆಯದು. ಬ್ಯಾಂಕುಗಳ ವಿಆರ್‌ಎಸ್ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲಿ, ಇಂಥ ಯೋಜನೆ ನೌಕರರಿಗೆ ನೀಡುವ ಆಹ್ವಾನವಷ್ಟೇ, ಅರ್ಜಿಯೇ ಪ್ರಸ್ತಾವ, ಅದನ್ನು ಅಂಗೀಕಾರಕ್ಕೆ ಮೊದಲು ಹಿಂಪಡೆಯಬಹುದು ಎಂದು ಹೇಳಿದೆ. ಕಾನೂನು ಹಾಗಿದೆಯೆಂದು ಕೋರ್ಟು ಮೆಟ್ಟಿಲು ಹತ್ತುವ ಧೈರ್ಯದಲ್ಲಿ ಅರ್ಜಿ ಹಾಕಬಾರದು. ಎರಡನೆಯ ಷರತ್ತು, ಪರಿಹಾರ ಪಡೆದ ಮೇಲೆ ಕಂಪನಿಯ ಮೇಲೆ ಯಾವುದೇ ಬಾಕಿ ಹಕ್ಕು ಉಳಿಯುವುದಿಲ್ಲ ಎಂಬುದು. ಸುಮ್ಮನೆ ಸಹಿ ಹಾಕಿದ್ದರೆ ನೆನೆಗುದಿಗೆ ಬಿದ್ದಿದ್ದ ವೇತನ ಒಪ್ಪಂದದ ಹಿಂಬಾಕಿಯೂ ಅದರಲ್ಲಿ ಮುಳುಗುತ್ತಿತ್ತು. ದುಡಿದ ಅವಧಿಯ ಹಿಂಬಾಕಿ ಒಪ್ಪಂದವಾದಾಗ ಸಲ್ಲುತ್ತದೆ ಎಂಬ ಒಂದು ಸಾಲಿನ ಪತ್ರವನ್ನು ಯೂನಿಯನ್ ಮೂಲಕ ಎಲ್ಲ ಅರ್ಜಿದಾರರ ಪರವಾಗಿ ಬರೆಸಿಕೊಂಡ ಮೇಲೆಯೇ, ಹದಿನೈದು ದಿನದ ಗಡುವಿನೊಳಗೆ, ಅವರು ಅರ್ಜಿ ಕೊಟ್ಟರು.

ಅರ್ಜಿ ಹಾಕುವಂತೆ ನಾನು ಹೇಳಿದ್ದು ಎರಡು ಕಾರಣಕ್ಕೆ. ವರ್ಗಾವಣೆ ಬಂದರೆ ಆ ಮಂಡಿಯಲ್ಲಿ ಅವರು ನಾಲ್ಕು ವರ್ಷ ಪೂರೈಸುವುದು ಅನುಮಾನ. ನಡುವೆ ರಾಜೀನಾಮೆ ಕೊಟ್ಟರೆ ಎಕ್ಸ್‌ಗ್ರೇಷಿಯಾ ಶೂನ್ಯ. ಎರಡನೆಯದಾಗಿ, ಅವರ ಕೈಕಸುಬು ಮಾರುಕಟ್ಟೆಯಲ್ಲಿ ನಡೆಯುವಂಥದ್ದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ನನ್ನ ಸಲಹೆ ಬೇರೆಯಾಗುತ್ತಿತ್ತು. ಹೆಂಡತಿ ಆರಂಭದಿಂದಲೂ ವಿರೋಧವಾಗಿದ್ದರು. ಬೆಳಿಗ್ಗೆ ಎದ್ದು ಹೋಗುವ ಮನುಷ್ಯ ಮನೆಯಲ್ಲಿ ಕೂತರೆ ಹಣ ನಿಲ್ಲುವುದಿಲ್ಲ ಎಂಬುದು ಅವರ ತಕರಾರು. ₹26,000ದ ಕೆಲಸದ ಮಾತು ಬಂದ ಮೇಲೆ ಅವರು ಒಪ್ಪಿದರು.

ಹಣ ಬಂದ ಮೇಲೆ

ಮೇ ತಿಂಗಳಲ್ಲಿ ತೆರಿಗೆ ಮುರಿದುಕೊಂಡು ಎಕ್ಸ್‌ಗ್ರೇಷಿಯಾ, ಗ್ರಾಚ್ಯುಟಿ, ರಜೆ ನಗದೀಕರಣ ಸೇರಿ ₹28.14 ಲಕ್ಷ ಖಾತೆಗೆ ಜಮೆಯಾಯಿತು. ಮನೆ ಸಾಲದ ಬಡ್ಡಿ ಶೇ 8.9 ಇತ್ತು, ಸುರಕ್ಷಿತವಾದ ಯಾವ ಠೇವಣಿಯೂ ಅಷ್ಟು ಕೊಡುವುದಿಲ್ಲವಾದ್ದರಿಂದ ₹5.8 ಲಕ್ಷ ಕೊಟ್ಟು ಅದನ್ನು ತೀರಿಸಲಾಯಿತು. ಬದಲಾಗುವ ಬಡ್ಡಿಯ ಸಾಲವಾದ್ದರಿಂದ ಅವಧಿಗೆ ಮೊದಲು ತೀರಿಸಿದ್ದಕ್ಕೆ ದಂಡವಿರಲಿಲ್ಲ. ಆ ಕಂತು ಹಾಗೆಯೇ ಬಿಟ್ಟಿದ್ದರೆ ಅರವತ್ತು ದಾಟಿಯೂ ಹತ್ತು ತಿಂಗಳು ಎಳೆಯುತ್ತಿತ್ತು.

₹20 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಲಾಯಿತು. ಅದಕ್ಕೆ 60 ಆಗಬೇಕೆಂದು ಕೌಂಟರಿನಲ್ಲಿ ಒಮ್ಮೆ ವಾಪಸು ಕಳಿಸಿದ್ದರು. 55 ದಾಟಿ ಸ್ವಯಂ ನಿವೃತ್ತಿಯೂ ಸೇರಿದಂತೆ ನಿವೃತ್ತರಾದವರು, ನಿವೃತ್ತಿ ಸೌಲಭ್ಯ ಕೈಸೇರಿದ ಮೂರು ತಿಂಗಳೊಳಗೆ, ಆ ಸೌಲಭ್ಯದ ಮೊತ್ತವನ್ನು ಮೀರದಂತೆ, ₹30 ಲಕ್ಷದ ಮಿತಿಯೊಳಗೆ ಖಾತೆ ತೆರೆಯಬಹುದು. 2023ರ ನವೆಂಬರಿಗೆ ಮೊದಲು ಈ ಗಡುವು ಒಂದೇ ತಿಂಗಳಿತ್ತು. ಕಂಪನಿಯಿಂದ ನಿವೃತ್ತಿಯ ವಿಧ, ದಿನಾಂಕ, ಕೊಟ್ಟ ಮೊತ್ತಗಳ ದೃಢೀಕರಣ ಪತ್ರ ತಂದ ಮೇಲೆ ಖಾತೆ ಆಯಿತು. ಶೇ 8.2ರಂತೆ ಮೂರು ತಿಂಗಳಿಗೊಮ್ಮೆ ₹41,000 ಬಡ್ಡಿ. ಉಳಿದ ಎರಡು ಲಕ್ಷ ಚಿಲ್ಲರೆ ಮಗಳ ಕೊನೆಯ ವರ್ಷದ ಶುಲ್ಕಕ್ಕೂ ಆಪತ್ತಿಗೂ. ನೆಲಮಂಗಲದ ಸೈಟಿನ ಪ್ರಸ್ತಾಪ ಅಲ್ಲಿಗೆ ತಾನೇ ತಣ್ಣಗಾಯಿತು.

ವಿಮೆಯ ಕೆಲಸವನ್ನು ಏಪ್ರಿಲ್‌ನಲ್ಲೇ, ನೌಕರಿಯಲ್ಲಿದ್ದಾಗಲೇ ಮುಗಿಸಿದ್ದು ಒಳ್ಳೆಯದಾಯಿತು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಂಡರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹೊಸದಾಗಿ ಕೊಂಡರೆ ಮೊದಲಿನಿಂದ ಇರುವ ಸಕ್ಕರೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದುಹಾಕಿದ್ದರಿಂದ ನವೀಕರಣದ ಹೊತ್ತಿಗೆ ಶೇ 18ರ ಆ ಹೊರೆಯೂ ಇರುವುದಿಲ್ಲ.

ಭವಿಷ್ಯನಿಧಿಯ ₹22 ಲಕ್ಷವನ್ನು ಸದ್ಯ ಮುಟ್ಟಿಲ್ಲ. 2024-25ಕ್ಕೆ ಅದರ ಬಡ್ಡಿ ಶೇ 8.25. ನೌಕರಿ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಉಂಟಾದರೂ, ಎಕ್ಸ್‌ಗ್ರೇಷಿಯಾದ ವರ್ಷ ಕಳೆದ ಮೇಲೆ ಅವರ ಒಟ್ಟು ಆದಾಯ ರಿಯಾಯಿತಿಯ ಮಿತಿಯಾದ ₹12 ಲಕ್ಷದ ಕೆಳಗೇ ಇರುವುದರಿಂದ ಅದು ತಟ್ಟುವುದಿಲ್ಲ. 55 ದಾಟಿ ನಿವೃತ್ತರಾದವರ ಖಾತೆಗೆ ಹೀಗೆ ಬಡ್ಡಿ ಸೇರುವುದು ಮೂರು ವರ್ಷ ಮಾತ್ರ, ಅಷ್ಟರೊಳಗೆ ತೆಗೆಯಬೇಕು.

ಹೊಸ ಕೆಲಸ ಜುಲೈನಲ್ಲಿ ಶುರುವಾಯಿತು. ಮೊದಲ ಎರಡು ತಿಂಗಳು ₹26,000 ಸರಿಯಾಗಿ ಬಂತು, ಮೂರನೆಯದು ಹತ್ತು ದಿನ ತಡವಾಯಿತು. ಹಳೆಯ ಕಾರ್ಖಾನೆಯಲ್ಲಿ ವೇತನ ಒಪ್ಪಂದದ ಮಾತುಕತೆ ಇನ್ನೂ ನಡೆಯುತ್ತಿದೆ. ಹಿಂಬಾಕಿಯ ಪತ್ರವನ್ನು ಅವರು ಅಂಗೀಕಾರ ಪತ್ರದ ಜೊತೆಗೇ ಇಟ್ಟುಕೊಂಡಿದ್ದಾರೆ. 2027ರ ಏಪ್ರಿಲ್‌ನಲ್ಲಿ 58 ತುಂಬಿದಾಗ ಪಿಂಚಣಿಗೆ ನಮೂನೆ 10-ಡಿ ಸಲ್ಲಿಸಬೇಕು, ಅಥವಾ ವರ್ಷಕ್ಕೆ ಶೇ 4ರ ಹೆಚ್ಚಳಕ್ಕಾಗಿ 60ರವರೆಗೆ ಮುಂದೂಡಬಹುದು. ಆಗ ಕೈಯಲ್ಲಿ ಕೆಲಸವಿದೆಯೋ ಇಲ್ಲವೋ ನೋಡಿಕೊಂಡು ಅದನ್ನು ಗೊತ್ತುಮಾಡೋಣವೆಂದು ಒಪ್ಪಿದ್ದೇವೆ.